ನಾತದ ಬೆನ್ನು ಹತ್ತಿದ ಮೊಳೆಬಾಯಿ

ಮನೆಯಲ್ಲಿ ನಾತ ಎದ್ದಿತ್ತು. ವಾಸನೆ ಅಂತ ಮರ್ಯಾದೆ ಕೊಟ್ಟು ಕರೆಯುವಂಥದ್ದಲ್ಲ ಅದು, ಗಬ್ಬು ನಾತ. ಬಾಗಿಲು ತಳ್ಳಿದರೆ ಸಾಕು, ಒಳಗೆ ಕಾದು ನಿಂತವರ ಹಾಗೆ ಬಂದು ಮೂಗಿಗೆ ಗುದ್ದುತ್ತಿತ್ತು. ಕಿಟಕಿ ತೆಗೆದರೆ ಹೊರಗೆ ಹೋಗುವ ಬದಲು ಅಡುಗೆಮನೆ, ಮಲಗುವ ಕೋಣೆ ಎಲ್ಲ ಸುತ್ತಾಡಿಕೊಂಡು ಮತ್ತೆ ನಡುಮನೆಗೇ ಬರುತ್ತಿತ್ತು. ಮಲ್ಲಿಗೆ ಪರಿಮಳದ ಸ್ಪ್ರೇ ಹೊಡೆದಾಗಲಂತೂ ಕೇಳಲೇಬೇಡಿ, ಮಲ್ಲಿಗೆಯೂ ಕೊಳೆತುಹೋಯಿತು ಅಂತ ಮನೆಯವರು ಕೈಚೆಲ್ಲಿದರು.

ಈ ಮನೆಯ ಯಜಮಾನ ಸೋಫಾ ಕಟ್ಟುವವನು. ಕೆಲಸಕ್ಕೆ ಕೂತನೆಂದರೆ ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ತುಂಬಿಕೊಂಡು, ನಾಲಿಗೆಯಿಂದಲೇ ಒಂದೊಂದನ್ನು ತುಟಿಗೆ ತಂದು, ಸುತ್ತಿಗೆಯಲ್ಲಿ ಟಕ್ಕನೆ ಬಡಿಯುವುದು ಅವನ ಪದ್ಧತಿ. ಅದಕ್ಕೇ ಬೀದಿಯವರೆಲ್ಲ ಅವನಿಗೆ ಮೊಳೆಬಾಯಿ ಅಂತ ಹೆಸರಿಟ್ಟಿದ್ದರು. ಇನ್ನೊಂದು ಪದ್ಧತಿಯೂ ಇತ್ತು. ಮೇಜು ಗೀಜು ಅವನಿಗೆ ಬೇಡ. ಕತ್ತರಿ, ಸೀಮೆಸುಣ್ಣ, ದಾರದ ಉಂಡೆ, ಕನ್ನಡಕ, ಎಲ್ಲವನ್ನೂ ಕಟ್ಟುತ್ತಿರುವ ಸೋಫಾದ ಹೊಟ್ಟೆಯೊಳಗೇ ಇಟ್ಟುಕೊಂಡು, ಬಟ್ಟೆ ಮುಚ್ಚುವ ಮೊದಲು ತೆಗೆಯುತ್ತಿದ್ದ. ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚುವ ಗತಿ ಇವತ್ತಿನವರೆಗೆ ಬಂದಿಲ್ಲ ಅಂತ ಅವನಿಗೆ ಬಹಳ ಜಂಬ. ಇರಲಿ ಬಿಡಿ, ಕೈಯಲ್ಲಿ ಕಸುಬಿರುವವನಿಗೆ ಅಷ್ಟು ಜಂಬ ಇದ್ದರೆ ಯಾರ ಗಂಟೇನು ಹೋಯಿತು?

ನಾತ ಏಳುವುದಕ್ಕೆ ಸ್ವಲ್ಪ ದಿನ ಮೊದಲು ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮನೆಗೆ ಬಂದಿದ್ದರು. ಇನ್ನು ಇಲ್ಲೇ ಇದ್ದುಬಿಡು ಅಂತ ಮಗಳು ವರ್ಷಗಟ್ಟಲೆ ಗೋಗರೆದು ಒಪ್ಪಿಸಿದ್ದಳು. ಅತ್ತೆಗೆ ಸೊಂಟನೋವು. ಹಾಗಾಗಿ ಅವರು ಬರುವುದಕ್ಕೆ ಮೊದಲೇ ಮೊಳೆಬಾಯಿ ತನ್ನ ಅಂಗಡಿಯಲ್ಲಿ ಅವರಿಗಂತಲೇ ಒಂಟಿ ಸೋಫಾವೊಂದನ್ನು ಕಟ್ಟಿದ. ಕೊನೆಯ ದಿನ ಬೆನ್ನಿನ ಬಟ್ಟೆಗೆ ಮೊಳೆ ಬಡಿದು ಹೊಲಿಯುವುದೊಂದೇ ಬಾಕಿ ಇದ್ದಾಗ ಹೆಂಡತಿಯ ಫೋನು ಬಂತು.

"ರೀ, ಊಟ ಆಯ್ತಾ?"

ಬಾಯಿ ತುಂಬ ಮೊಳೆ. "ಹೂಂ" ಅಂದ.

"ಅಮ್ಮನ ಬಸ್ಸು ಆಗ್ಲೇ ಬಂದುಬಿಟ್ಟಿದೆಯಂತೆ. ಬೇಗ ಬರ್ತೀರಾ?"

"ಹೂಂ."

ಬಿದ್ದೆನೋ ಎದ್ದೆನೋ ಅಂತ ಹೊಲಿಗೆ ಮುಗಿಸಿ, ಸೋಫಾವನ್ನು ಸರಕಿನ ಆಟೋಗೆ ಹೇರಿಕೊಂಡು ಬಂದ. ಅತ್ತೆ ಕೂತರು, ಹಿಂದಕ್ಕೆ ಒರಗಿದರು, ಕಣ್ಣು ಮುಚ್ಚಿದರು.

"ಅಳಿಯಂದ್ರೇ, ಇದೇನು ಮಾಡಿದೀರಿ! ಸೊಂಟಕ್ಕೆ ಸರಿಯಾಗಿ ಒತ್ತು ಕೊಡುತ್ತಲ್ಲ! ಯಾವ ಡಾಕ್ಟರ ಕೈಲೂ ಆಗದ್ದು ನಿಮ್ಮ ಕೈಲಿ ಆಯ್ತು."

ಮೊಳೆಬಾಯಿ ನೆಲದ ಮೇಲಿರಲಿಲ್ಲ. ಮಾರನೆಯ ದಿನದಿಂದಲೇ ಅಂಗಡಿಗೆ ಬಂದವರಿಗೆಲ್ಲ ತನ್ನ ಸ್ಪ್ರಿಂಗಿನ ಕೈಗುಣವನ್ನು ಬಣ್ಣಿಸತೊಡಗಿದ. ಆ ಸಂಭ್ರಮದಲ್ಲಿ ಒಂದೇ ಒಂದು ಕಿರಿಕಿರಿ. ಊಟದ ಡಬ್ಬಿ ಕಳೆದಿತ್ತು. ಮದುವೆಯ ಹೊಸದರಲ್ಲಿ ಅತ್ತೆಯೇ ಕೊಡಿಸಿದ್ದ ಸ್ಟೀಲಿನ ಡಬ್ಬಿ ಅದು. ಬೆಳಿಗ್ಗೆ ಬಸ್ಸಿನಲ್ಲೇ ಬಿಟ್ಟಿರಬೇಕು ಅಂತ ಅವನೇ ತೀರ್ಮಾನಿಸಿ, ಕಂಡಕ್ಟರ್ ಜೊತೆ ಜಗಳ ಕಾದು, ಪಾಪ ಆ ಮನುಷ್ಯ ಇವನನ್ನು ಕಂಡರೆ ಮುಖ ತಿರುಗಿಸುವ ಹಾಗೆ ಮಾಡಿದ್ದ.

ಆಮೇಲೆ ನಾತ ಎದ್ದಿತು.

ಮೊದಲ ಅನುಮಾನ ಬಚ್ಚಲಿನ ಮೇಲೆ. ಪಕ್ಕದ ಮನೆಯ ನಲ್ಲಿ ರಿಪೇರಿಯವನನ್ನು ಕರೆಸಿದರು. ಅವನ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಬಚ್ಚಲಿನ ಜಾಲರಿ ಎತ್ತಿ, ಕೊಳವೆಗೆ ಕೈ ಹಾಕಿ, ಹೆಂಡತಿಯ ಕಿವಿಯೋಲೆ ಮತ್ತು ಮೊಳೆಬಾಯಿಯ ಹಳೆಯ ಹಲ್ಲುಜ್ಜುವ ಬ್ರಷ್ಷು ಹೊರಗೆ ತೆಗೆದ.

"ಬಚ್ಚಲು ನಿಮ್ಮ ಅಡುಗೆಮನೆಗಿಂತ ಸ್ವಚ್ಛವಾಗಿದೆ ಮೊಳೆಬಾಯಣ್ಣ. ನಾತ ನಡುಮನೆಯದು. ಆ ಹೊಸ ಸೋಫಾ..."

"ಸೋಫಾ ಸುದ್ದಿಗೆ ಬಂದೀಯ ಜೋಕೆ!" ಮೊಳೆಬಾಯಿ ಗುಡುಗಿದ. "ನಿನ್ನ ಕೊಳಾಯಿ ಸೋರ್ಬಹುದು, ನನ್ನ ಹೊಲಿಗೆಯಿಂದ ಗಾಳಿನೂ ಹೊರಗೆ ಬರಲ್ಲ."

ನಲ್ಲಿಯವ ಬಾಲ ಮುದುರಿಕೊಂಡು ಹೋದ. ಹೋಗುವ ಗಡಿಬಿಡಿಯಲ್ಲಿ ನಲ್ಲಿ ತಿರುಪುವ ಪಾನಾ ಬಿಟ್ಟುಹೋದ.

ಇಲಿ ಸತ್ತಿರಬೇಕು ಅಂತ ಗಂಡ ಹೆಂಡತಿ ಸೇರಿ ಫ್ರಿಜ್ಜು ಸರಿಸಿದರು. ಸಿಕ್ಕಿದ್ದು ಒಣಗಿದ ನಿಂಬೆಹಣ್ಣು. ಬೀರು ಸರಿಸುವಾಗ ಅದು ಮೊಳೆಬಾಯಿಯ ಹೆಬ್ಬೆರಳ ಮೇಲೆ ಕೂತಿತು. ಚಪ್ಪಲಿಗಳನ್ನೆಲ್ಲ ಅಂಗಳಕ್ಕೆ ಎಸೆದರು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿದರು. ಅವನು ಮಂಡಿಯೂರಿ, ಮೂಗನ್ನು ನೆಲಕ್ಕೆ ತಾಗಿಸಿಕೊಂಡು ಗೋಡೆಯುದ್ದಕ್ಕೂ ಮೂಸುತ್ತಾ ಹೋದ. ಮೂಸುತ್ತಾ ಮೂಸುತ್ತಾ ಪ್ರತಿ ಸಲವೂ ಅತ್ತೆಯ ಕಾಲ ಬುಡಕ್ಕೇ ಬಂದು ತಲುಪುತ್ತಿದ್ದ. ಅತ್ತೆ ಪಾದಗಳನ್ನು ಮೆಲ್ಲಗೆ ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದರು. ಈ ದಡ್ಡನಿಗೆ ಅದು ಕಾಣಲೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಸುತ್ತಿಗೆ ಹಿಡಿದು ಬದುಕಿದವನ ಪಿಸುಮಾತು, ಬೀದಿಗೆ ಕೇಳಿಸುವಂಥದ್ದು.

"ಅಲ್ವೇ, ನಿಮ್ಮಮ್ಮ ಬಂದ್ಮೇಲೇ ತಾನೆ ಇದು ಶುರುವಾಗಿದ್ದು? ಮಂಡಿಗೆ ಅದೇನೋ ಎಣ್ಣೆ ಹಚ್ಕೋತಾರಲ್ಲ..."

"ಮೆಲ್ಲಗೆ ಮಾತಾಡ್ರೀ!" ಅಂತ ಹೆಂಡತಿ ಅವನ ಬಾಯಿ ಮುಚ್ಚಿದಳು. ಆದರೆ ಆಗುವುದು ಆಗಿಹೋಗಿತ್ತು. ನಡುಮನೆಯಲ್ಲಿ ಚೀಲದ ಜಿಪ್ಪು ಎಳೆದ ಸದ್ದು ಕೇಳಿಸಿತು.

ಇಬ್ಬರೂ ಓಡಿ ಬಂದರು. ಅತ್ತೆ ತಮ್ಮ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದರು. ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ವಾಸಿ ಇತ್ತು.

"ನನ್ನಿಂದ್ಲೇ ಇರ್ಬೇಕು ಕಣೇ ಮಗಳೇ. ವಯಸ್ಸಾಯ್ತು. ದಿನಕ್ಕೆ ಎರಡು ಸಲ ಸ್ನಾನ ಮಾಡಿದೆ. ಆ ಎಣ್ಣೆನೂ ಬಿಟ್ಟು ವಾರ ಆಯ್ತು. ಆದ್ರೂ ನಾನು ಕೂತ ಕಡೆನೇ ವಾಸನೆ. ಯಾರನ್ನ ಅಂತ ಬೈಯೋದು?"

ಮಗಳು ಅಳತೊಡಗಿದಳು. ಅಳುತ್ತಲೇ ಗಂಡನ ಕಡೆ ನೋಡಿದಳು. ಆ ನೋಟಕ್ಕೆ ಮೊಳೆಬಾಯಿಯ ಜೀವ ಹಿಡಿಯಷ್ಟಾಯಿತು. ಅಮ್ಮ ಇವತ್ತು ಈ ಹೊಸ್ತಿಲು ದಾಟಿದರೆ ಇನ್ನು ಬರುವುದಿಲ್ಲ, ಬರದಿದ್ದರೆ ಇವಳು ತನ್ನನ್ನು ಸಾಯುವ ತನಕ ಕ್ಷಮಿಸುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ತಲೆ ಮೇಲೆ ಕೈಹೊತ್ತು, ಪಕ್ಕದಲ್ಲೇ ಇದ್ದ ಒಂಟಿ ಸೋಫಾದಲ್ಲಿ ದೊಪ್ಪನೆ ಕುಸಿದು ಹಿಂದಕ್ಕೆ ಒರಗಿದ.

ಅತ್ತೆಗಂತ ಮಾಡಿದ್ದು ಅಂತ ಆ ಸೋಫಾದಲ್ಲಿ ಅವನು ಒಂದು ದಿನವೂ ಕೂತಿರಲಿಲ್ಲ. ಸೊಂಟಕ್ಕೆ ಏನೋ ಗಟ್ಟಿಯಾಗಿ ತಗಲಿತು. ಒಳಗೆ 'ಟಕ್' ಅಂತ ಸದ್ದಾಯಿತು. ಹಿಂದೆಯೇ ಬುಸ್ಸೆಂದು ಎದ್ದ ನಾತಕ್ಕೆ ಅವನ ಕಣ್ಣಲ್ಲಿ ನೀರು ಬಂತು.

ಆಗ ನೆನಪಾಯಿತು. ಬಸ್ಸಲ್ಲ. ಕಂಡಕ್ಟರ್ ಅಲ್ಲ. ಸೋಫಾದ ಹೊಟ್ಟೆ, ಕತ್ತರಿ, ದಾರದ ಉಂಡೆ, ಅದರ ಪಕ್ಕದಲ್ಲಿ... ಅಯ್ಯಯ್ಯೋ.

ಅಷ್ಟರಲ್ಲಿ ನಲ್ಲಿಯವ ಪಾನಾ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತ. ಸರಿಹೋಯಿತು. ಊರಿಗೆಲ್ಲ ಡಂಗುರ ಸಾರುವವನೇ ಹಾಜರು! ಮೊಳೆಬಾಯಿ ಬಾಯಿ ಮುಚ್ಚಿಕೊಂಡು ಎದ್ದುಬಿಡಬಹುದಿತ್ತು. ಅತ್ತೆಯನ್ನು ಬಸ್ಸು ಹತ್ತಿಸಿ, ಸೋಫಾವನ್ನು ಅಂಗಡಿಗೆ ಸಾಗಿಸಿ, ಗುಟ್ಟಾಗಿ ಬಿಚ್ಚಿ ಹೊಲಿದಿದ್ದರೆ ಜಂಬ ಜಂಬವಾಗಿಯೇ ಉಳಿಯುತ್ತಿತ್ತು. ಒಂದು ಗಳಿಗೆ ಹಾಗೆ ಯೋಚಿಸಿದ ಕೂಡ. ಅತ್ತೆ ಮಾತ್ರ ಸೀರೆಯ ಸೆರಗನ್ನು ಮೂಗಿನ ಹತ್ತಿರ ಒಯ್ದು, ಇದರಲ್ಲೇ ಇರಬಹುದಾ ಅಂತ ಮೂಸಿ ನೋಡುತ್ತಿದ್ದರು.

"ಅತ್ತೆ, ಆ ಚೀಲ ಕೆಳಗಿಡಿ" ಅಂದ. "ಏ ಇವಳೇ, ಕತ್ತರಿ ತಾ."

ಸೋಫಾವನ್ನು ತಿರುಗಿಸಿ ಎಲ್ಲರೆದುರೇ ತನ್ನ ಹೊಲಿಗೆಗೆ ತಾನೇ ಕತ್ತರಿ ಹಾಕಿದ. ಕೈ ತೂರಿಸಿದ. ಹೊರಗೆ ಬಂತು ಸ್ಟೀಲಿನ ಡಬ್ಬಿ, ಅರ್ಧ ಬಾಯಿ ಬಿಟ್ಟುಕೊಂಡು. ಒಳಗಿದ್ದದ್ದು ಒಂದು ಕಾಲದಲ್ಲಿ ಹುರಿದ ಮೀನು ಮತ್ತು ಬೇಯಿಸಿದ ಮೊಟ್ಟೆ. ಈಗ ಏನಾಗಿತ್ತು ಅಂತ ವರ್ಣಿಸುವುದಿಲ್ಲ, ನೀವೂ ಉಂಡು ತಿನ್ನುವವರು.

ನಲ್ಲಿಯವ ಪಾನಾ ಗೀನಾ ಮರೆತು ಬೀದಿಗೆ ಓಡಿದ. ವಾಕರಿಸಲಿಕ್ಕೋ ಸುದ್ದಿ ಹಂಚಲಿಕ್ಕೋ, ಅವನಿಗೇ ಗೊತ್ತು.

"ಊಟ ಆಯ್ತು ಅಂದ್ರಲ್ಲ ಅವತ್ತು!" ಹೆಂಡತಿ ಮೂಗು ಹಿಡಿದುಕೊಂಡೇ ಕಿರುಚಿದಳು.

"ಬಾಯಲ್ಲಿ ಮೊಳೆ ಇತ್ತು ಕಣೇ. ಎಲ್ಲದಕ್ಕೂ ಹೂಂ ಅಂದುಬಿಟ್ಟೆ." ಅವನು ಅತ್ತೆಯ ಕಡೆ ತಿರುಗಿದ. ಮುಖ ಹುಳ್ಳಗಾಗಿತ್ತು. "ಅತ್ತೆ, ತಪ್ಪಾಯ್ತು. ನಾತ ನಂದು. ನಿಮ್ಮ ಮೇಲೆ ಹಾಕಿದೆ. ಬೇಕಾದ್ರೆ ಎರಡು ಬಾರಿಸಿ, ಹೋಗ್ಬೇಡಿ."

ಅತ್ತೆ ಡಬ್ಬಿಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಸೊಂಟ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ನಿಲ್ಲಿಸಲಾಗದೆ ನಕ್ಕರು.

"ಒಳಗೇನೋ ಗಟ್ಟಿಯಾಗಿದೆ ಅಂತ ಮೊದಲನೇ ದಿನಾನೇ ಗೊತ್ತಾಗಿತ್ತು ಅಳಿಯಂದ್ರೇ. ನನ್ನ ಸೊಂಟಕ್ಕೆ ಅಂತ್ಲೇ ಏನೋ ಇಟ್ಟು ಕಟ್ಟಿದೀರಿ ಅಂದ್ಕೊಂಡೆ. ನೋವು ಹೋಗಿದ್ದು ನಿಜ. ಅದನ್ನ ಚೆನ್ನಾಗಿ ತಿಕ್ಕಿ ತೊಳೆದು, ಮತ್ತೆ ಅಲ್ಲೇ ಇಡಿ."

"ಅಂದ್ರೆ ನನ್ನ ಸ್ಪ್ರಿಂಗು?" ಮೊಳೆಬಾಯಿ ಕ್ಷೀಣವಾಗಿ ಕೇಳಿದ.

"ಸ್ಪ್ರಿಂಗೂ ಇರ್ಲಿ ಪಾಪ" ಅಂದರು ಅತ್ತೆ, ಚೀಲದಿಂದ ಸೀರೆಗಳನ್ನು ತೆಗೆಯುತ್ತಾ.

ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೂ ಅವನೇ, ಬಿಸಿಲಿಗಿಟ್ಟು ಕಾದಿದ್ದೂ ಅವನೇ, ಕಂಡಕ್ಟರ್ ಹತ್ತಿರ ಹೋಗಿ ಕೈ ಮುಗಿದು ಬಂದವನೂ ಅವನೇ. ನಾರು, ಫೋಮು ಎಲ್ಲ ಹೊಸದಾಗಿ ತುಂಬಿ, ಖಾಲಿ ಡಬ್ಬಿಯನ್ನು ಅದೇ ಜಾಗದಲ್ಲಿ ಕೂರಿಸಿ, ಬಾಯಿ ತುಂಬ ಮೊಳೆ ಹಾಕಿಕೊಂಡು ನಡುಮನೆಯಲ್ಲೇ ಕೆಲಸಕ್ಕೆ ಕೂತ.

"ರೀ, ಒಳಗೇನೂ ಬಿಟ್ಟಿಲ್ಲ ತಾನೆ?" ಹೆಂಡತಿ ಕೇಳಿದಳು.

"ಹೂಂ."

ಅವಳು ಬಂದು ಪಕ್ಕದಲ್ಲಿ ಕೂತು, ಸೋಫಾದ ಹೊಟ್ಟೆಗೆ ಮೊಣಕೈ ತನಕ ಕೈ ಹಾಕಿ ತಡಕಾಡಿದಳು. ಅವನ ಕನ್ನಡಕ ಸಿಕ್ಕಿತು.