ನಾಲಿಗೆ ಎತ್ತು

"ದರ್ಜಿ ಅಣ್ಣ, ನೀವೇ ಒಂದ್ಸಲ ಕಟ್ಟಿ ನೋಡಿ. ನಾನು ಎಷ್ಟು ಬಿಗಿದ್ರೂ ಜಾರುತ್ತೆ," ಎಂದು ಸತ್ತವಳ ಮಗಳು ಬಟ್ಟೆಯ ಪಟ್ಟಿಯನ್ನು ಅವನ ಕೈಗಿಟ್ಟಳು.

ಹೆಣದ ಬಾಯಿ ತೆರೆದೇ ಇತ್ತು. ದರ್ಜಿ ಗಲ್ಲದ ಕೆಳಗಿನಿಂದ ಪಟ್ಟಿ ತಂದು ನೆತ್ತಿಯ ಮೇಲೆ ಗಂಟು ಹಾಕಿದ. ಬಟ್ಟೆಯ ಕೆಲಸ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಕೈ ತೆಗೆದದ್ದೇ ತಡ, ಗಂಟು ಬಿಚ್ಚಿಕೊಂಡು ದವಡೆ ಮತ್ತೆ ಇಳಿಯಿತು.

"ಬದುಕಿರೋವಾಗ ಕಂಡೋರ ಬಾಯೆಲ್ಲ ತೆಗೆಸಿದ್ಳು ಮಹಾತಾಯಿ. ಈಗ ತನ್ನದು ಮುಚ್ಚೋಕೆ ಒಪ್ತಿಲ್ಲ," ಎಂದಳು ಪಕ್ಕದ ಮನೆಯ ಅಜ್ಜಿ. ದರ್ಜಿ ಪಟ್ಟಿಯನ್ನು ಕೈಗೆ ಸುತ್ತಿಕೊಂಡ.

*

ಊರಿನ ಕ್ಷಯರೋಗಿಗಳೆಲ್ಲ ಅವಳನ್ನು ಮಾತ್ರೆ ಅಕ್ಕ ಎನ್ನುತ್ತಿದ್ದರು. ಸಂಬಳಕ್ಕೆ ಬಂದವಳಲ್ಲ, ಗಂಡನನ್ನು ಅದೇ ರೋಗಕ್ಕೆ ಕಳೆದುಕೊಂಡವಳು. ಬೆಳಗಾದರೆ ಒಬ್ಬೊಬ್ಬರ ಮನೆಯ ಕಿಟಕಿಯ ಸರಳಿಗೆ ಮಾತ್ರೆ ಪೆಟ್ಟಿಗೆಯ ಕೀಲಿ ಬಡಿದು ಕರೆದು, ಕಣ್ಣೆದುರೇ ನುಂಗಿಸಿ, "ಆ ಅನ್ನು. ನಾಲಿಗೆ ಎತ್ತು" ಎನ್ನುವಳು.

ದರ್ಜಿಯೂ ಆ ರೋಗಿಗಳಲ್ಲೊಬ್ಬ. ಕೆಮ್ಮು ನಿಂತ ಮೇಲೆ ಅವನಿಗೆ ಮಾತ್ರೆ ಬೇಡವಾಯಿತು. ಕೆನ್ನೆಯ ಸಂದಿಯಲ್ಲಿ ಅಡಗಿಸಿ, ಅವಳು ಹೋದ ಮೇಲೆ ಉಗುಳುವುದನ್ನು ಕಲಿತ. ಒಮ್ಮೆ ಸಿಕ್ಕಿಬಿದ್ದ.

"ನನಗೇ ಟೋಪಿ ಹಾಕ್ತೀಯೇನೋ? ಅರ್ಧಕ್ಕೆ ಬಿಟ್ರೆ ರೋಗ ಹಟ ಹಿಡಿಯುತ್ತೆ. ತೊಟ್ಟಿಲಲ್ಲಿ ಕೂಸಿದೆ, ಅದಕ್ಕೂ ಅಂಟಿಸ್ತೀಯಾ? ನೀನು ನುಂಗೋವರೆಗೂ ಸತ್ರೂ ಬಿಡಲ್ಲ ನಾನು, ನೋಡ್ತಿರು!"

ಆದರೂ ಅವನು ಆ ಚಾಳಿ ಬಿಡಲಿಲ್ಲ. ಇವತ್ತು ಬೆಳಿಗ್ಗೆಯೂ ಕೀಲಿಯ ಸದ್ದಾಯಿತು. ಹೊರಗೆ ದಟ್ಟ ಮಂಜು. ಸರಳುಗಳ ನಡುವೆ ಮಾತ್ರೆ ಹಿಡಿದ ಕೈಯಷ್ಟೇ ಬಂತು, ತಣ್ಣಗೆ ಕೊರೆಯುತ್ತಿತ್ತು. ಅವನು ನುಂಗಿದಂತೆ ಮಾಡಿ ಬಾಯಿ ತೆರೆದ. ಕೈ ಮಂಜಿನೊಳಗೆ ಹಿಂದೆ ಸರಿಯಿತು. ಮಾತ್ರೆಯನ್ನು ಅಂಗೈಗೆ ಉಗುಳಿ ಜೇಬಿಗಿಳಿಸಿದ. ಆಮೇಲೆ ಅಕ್ಕ ಸತ್ತ ಸುದ್ದಿ ಬಂತು.

*

"ಬೆಳಿಗ್ಗೆ ಚೆನ್ನಾಗೇ ಇದ್ರಲ್ಲಮ್ಮ," ಎಂದ ದರ್ಜಿ.

"ಯಾವ ಬೆಳಿಗ್ಗೆ ಅಣ್ಣ? ಅಮ್ಮ ನಿನ್ನೆ ಸಂಜೆನೇ ಹೋಗ್ಬಿಟ್ರು. ಇವತ್ತು ಯಾರಿಗೂ ಮಾತ್ರೆ ಕೊಟ್ಟಿಲ್ಲ. ಪೆಟ್ಟಿಗೆ ಕೀಲಿ ಇನ್ನೂ ಅವರ ಕೊರಳಲ್ಲೇ ಇದೆ ನೋಡಿ." ಅಷ್ಟರಲ್ಲಿ ಅವಳು ಗಾಬರಿಯಾದಳು. "ಅಯ್ಯೋ, ನಿಮ್ಮ ಜೇಬಿಗೇನಾಯ್ತು? ರಕ್ತವಾ?"

ಬಿಳಿ ಅಂಗಿಯ ಜೇಬಿನ ಸುತ್ತ ಮಾತ್ರೆಯ ಕೆಂಪು ಬಣ್ಣ ಹರಡಿತ್ತು. ಬೆರಳು ಹಾಕಿದರೆ ಮಾತ್ರೆ ಇನ್ನೂ ಒದ್ದೆ. ದರ್ಜಿ ಅಕ್ಕನ ಕೊರಳಿನ ಕೀಲಿ ನೋಡಿದ. ನಿನ್ನೆಯಿಂದ ಕೂಸು ಕೆಮ್ಮುತ್ತಿರುವುದು ನೆನಪಾಯಿತು.

ನೀರಿಗೂ ಕಾಯದೆ ಮಾತ್ರೆ ಬಾಯಿಗೆ ಹಾಕಿಕೊಂಡ. ಅದು ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ನುಂಗಿದ. ಹೆಣದ ಮುಂದೆ ಮಂಡಿಯೂರಿ, ಎಲ್ಲರೂ ನೋಡುತ್ತಿದ್ದಂತೆಯೇ, ಬಾಯಿ ಅಗಲಿಸಿದ.

"ಆ," ಎಂದ. ನಾಲಿಗೆ ಎತ್ತಿದ. ಬೆರಳಿನಿಂದ ಎರಡೂ ಕೆನ್ನೆ ಹಿಗ್ಗಿಸಿ ತೋರಿಸಿದ.

ಪಕ್ಕದ ಮನೆಯ ಅಜ್ಜಿ ಮಗಳ ತೋಳು ಹಿಡಿದುಕೊಂಡಳು.

ಪಟ್ಟಿ ಇನ್ನೂ ದರ್ಜಿಯ ಕೈಯಲ್ಲೇ ಇತ್ತು. ಅಕ್ಕನ ಬಾಯಿ ಮುಚ್ಚಿತ್ತು.