ಇಲ್ಲಿಗೆ ಹೊಳಿ ಬರ್ತದ

ಸೇಡಂದಾಗ, ಹಳೇ ಅಗಸಿ ಬಾಗಿಲ ಹಿಂದಿನ ಓಣಿಯೊಳಗ, ಹೊಳಿದಂಡಿಗೆ ಒಂದು ಪಾರ್ಕ್ ಆಗ್ಯದ. ಪಾರ್ಕ್ ಅಂದ್ರ ಭಾಳ ದೊಡ್ಡದೇನಲ್ಲ. ನಾಕು ಬೆಂಚು, ಎರಡು ಜೋಕಾಲಿ, ನೀರಿಗಿಳಿಯೋ ಮೆಟ್ಟಿಲು. ಊರಾಗಿನ ಅರ್ಧ ಮಂದಿಗೆ ಅದರ ಖಬರೇ ಇಲ್ಲ. ಭೀಮಮ್ಮನ ಗಂಡ ಕಾಶಪ್ಪ ಮಾತ್ರ ದಿನಾ ಸಂಜೀಕ ಹೋಗಿ ಅಲ್ಲಿ ಬಾಗಿಲದಾಗ ನಿಲ್ಲಿಸಿದ ಕಲ್ಲಿನ ಬಾಜೂಕ ಕುಂತು ಬರ್ತಿದ್ದ. "ನನ್ನ ಮಾತು ಕಲ್ಲಿನ್ಯಾಗ ಕೆತ್ಯಾರ, ಒಮ್ಮಿ ಬಂದು ನೋಡು" ಅಂತ ಹೇಣ್ತಿ ಜೀವ ತಿಂತಿದ್ದ. ಇವತ್ತು ಆಕಿ ಸೊಸಿ ಜಯಮಾಲಾನ್ನ ಕರ್ಕೊಂಡು ಬಂದೇಬಿಟ್ಟಳು.

"ಓದವ್ವಾ, ಕೇಳೋಣು."

ಜಯಮಾಲಾ ಓದಿದಳು: "'ಇಲ್ಲಿಗೆ ಹೊಳಿ ಬರ್ತದ' — ಕಾಶಪ್ಪ, ಓಣಿಯ ಹಿರಿಯರು."

ಭೀಮಮ್ಮಗ ಎದಿ ತುಂಬಿ ಬಂತು. ಈ ಓಣಿಯೊಳಗ ಹೊಳಿ ಬರ್ತದ ಅಂದ್ರ ಮಹಾಪೂರ ಬರ್ತದ ಅಂತನೇ ಅರ್ಥ. ಪಾರ್ಕಿನ ನಕ್ಷೆ ಹಿಡ್ಕೊಂಡು ಬಂದಿದ್ದ ಪರಊರ ಸಾಹೇಬಗ ಕಾಶಪ್ಪ ಕೈಮುಗಿದು ಹೇಳಿದ್ದು ಇಷ್ಟೇ: ಮೆಟ್ಟಿಲು ಕಟ್ಟಬ್ಯಾಡ್ರಿ, ಇಲ್ಲಿಗೆ ಹೊಳಿ ಬರ್ತದ.

"ಕೆಳಗ ಇನ್ನೂ ಅದ, ಅತ್ತಿ" ಅನ್ನೋವಾಗ ಸೊಸಿ ದನಿ ಸಣ್ಣದಾಯ್ತು. "'ಮನೆ ಬಾಗಿಲಿಗೇ ನದಿ ಬಂದ ಸಂಭ್ರಮವನ್ನು ಅವರು ಹೀಗೆ ಹಂಚಿಕೊಂಡರು. ಬನ್ನಿ, ಕೊನೆಯ ಮೆಟ್ಟಿಲಲ್ಲಿ ಕುಳಿತು ನೀರಿಗೆ ಕಾಲಿಡಿ.'"

ಭೀಮಮ್ಮಗ ಸಿಟ್ಟು ನೆತ್ತಿಗೇರ್ತು. "ಇವರ ಬಾಯಾಗ ಮಣ್ಣು ಬೀಳ! ಬ್ಯಾಡ ಅಂದವನ ಹೆಸರೀಲೇ ಮಂದೀನ್ನ ನೀರಿಗಿ ಕರೀತಾರೇನು?" ಬಾಗಿಲದಾಗ ನಿಂತಿದ್ದ ವಾಚ್‌ಮನ್ ಧರ್ಮಣ್ಣನ ಕಡಿ ತಿರುಗಿದಳು. "ನನ್ನ ಗಂಡಗ ಓದಾಕ ಬರಂಗಿಲ್ಲ. ನಿನಗ ಬರ್ತದಲ್ಲೋ! ಯಾಕ ಹೇಳ್ಲಿಲ್ಲ?"

"ಮುದುಕಗ ಖುಷಿ ಆಗ್ಲಿ ಅಂತ ಮ್ಯಾಲಿನ ಸಾಲಷ್ಟೇ ಓದಿದ್ದೆ, ಯವ್ವಾ."

"ಸುಡು ನಿನ್ನ ಖುಷಿ!"

ಅಷ್ಟೊತ್ತಿಗೆ ಕಾಶಪ್ಪನೇ ಬಂದ. "ನೋಡ್ದೇನು? ಇನ್ನ ಒಬ್ಬನೂ ಕೆಳಗ ಇಳಿಯಂಗಿಲ್ಲ" ಅಂತ ಮೀಸಿ ತಿರುವಿದ. ಕಡೀ ಮೆಟ್ಟಿಲ ಮ್ಯಾಲ ಒಂದು ಸಂಸಾರ ನೀರಾಗ ಕಾಲು ಬಿಟ್ಕೊಂಡು ಕುಂತಿತ್ತು. ಕೋಡ್ಲಾದ ಫ್ಯಾಕ್ಟ್ರಿಗೆ ಹೊಸದಾಗಿ ಬಂದ ಮೈಸೂರು ಕಡೀ ಮಂದಿ. ಕಾಶಪ್ಪ ಅವರನ್ನ ನೋಡಿ ಹುಬ್ಬು ಗಂಟು ಹಾಕ್ದ. "ಇವರಿಗೂ ನನ್ನಂಗ ಓದಾಕ ಬರಂಗಿಲ್ಲ ಕಾಣ್ತದ."

"ಓದಿಕೊಂಡೇ ಇಳದಾರ!" ಭೀಮಮ್ಮ ಚೀರಿದಳು. ಕಲ್ಲಿನ್ಯಾಗ ಏನದ ಅಂತ ಒಂದೂ ಬಿಡದಂಗ ಹೇಳಿದಳು.

ಕಾಶಪ್ಪನ ಮಾರಿ ಕರ್ರಗಾಯ್ತು. ದಡದಡ ಮೆಟ್ಟಿಲಿಳಿದ. "ಏಳ್ರಿ! ಮಳಿಗಾಲದಾಗ ಇಲ್ಲಿ ಕುಂದ್ರತಾರೇನ್ರಿ? ಮ್ಯಾಲ ಮಳಿ ಆದ್ರ ನೀರು ಹೇಳಿ ಬರಂಗಿಲ್ಲ, ಏಳ್ರಿ!"

"ಯಾಕ್ ತಾತ ಗದರ್ತೀರಾ?" ಆ ಗಂಡಸು ಕೂತಲ್ಲಿಂದಲೇ ಅಂದ. "ನಿಮ್ಮ ಓಣಿ ಹಿರಿಯರೇ ಕರೆದಿದ್ದಾರಲ್ಲ. ಯಾರೋ ಕಾಶಪ್ಪ ಅಂತೆ."

"ನಾನೇ ಆ ಕಾಶಪ್ಪ! ನಾ ಕರದಿಲ್ಲ! ಬ್ಯಾಡ ಅಂದೀನಿ!"

ಬಾಜೂಕ ಕುಂತಿದ್ದ ಅವನ ಹೇಣ್ತಿ ಮಾರಿ ಅರಳ್ತು. ಫೋನ್ ಕಾಶಪ್ಪನ ಕಡಿ ತಿರುಗಿಸಿದಳು.

"ಅಯ್ಯೋ, ನೀವೇನಾ! ಇಲ್ಲೇ ಕೂತ್ಕೊಳ್ಳಿ ತಾತ, ನಮ್ಮ ಜೊತೆ ಒಂದು ಫೋಟೋ."