ದೊಡ್ಡ ಗಾಳಿ ಕಂಡ ಹನೋರಾ

ನನ್ನ ಸೋದರತ್ತೆ ಡೆಲಿಯಾ ಫಾಹಿಗೆ ಎಂಬತ್ತಾರು. ಅವಳಿಗೆ ಉಳಿದಿದ್ದದ್ದು ಎರಡೇ ಆಸೆ: ತನ್ನ ಅಜ್ಜಿ ಹನೋರಾಳಿಗಿಂತ ಒಂದು ದಿನವಾದರೂ ಹೆಚ್ಚು ಬದುಕುವುದು, ಆಮೇಲೆ ಅವಳ ಪಕ್ಕದಲ್ಲಿ ಮಲಗುವುದು.

ಹನೋರಾ ಇರುವುದು ಕಿಲ್ಲವಾರದ ಹಳೆಯ ಸ್ಮಶಾನದಲ್ಲಿ, ತನ್ನ ತವರಿನವರ ಗೋರಿಯಲ್ಲಿ. ಕಲ್ಲಿನ ಮೇಲೆ ‘ಹನೋರಾ ಫಾಹಿ, ಮಲ್ಕೆರಿನ್ ಮನೆಯ ಮಗಳು, 1930, ವಯಸ್ಸು 95’ ಎಂದಿದೆ. ಅಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಆದರೆ ಆ ಸ್ಮಶಾನ ಮುಚ್ಚಿ ಮೂವತ್ತು ವರ್ಷವಾಯಿತು. ಗೋರಿಯ ಮನೆತನಕ್ಕೆ ಸೇರಿದವರೆಂದು ಕಾಗದದಲ್ಲಿ ತೋರಿಸಿದವರಿಗೆ ಮಾತ್ರ ಕೌಂಟಿ ಕಚೇರಿ ಅನುಮತಿ ಕೊಡುತ್ತದೆ.

“ಫಾಹಿಗಳ ಗೋರಿಯಲ್ಲಿ ಬೇಕಾದಷ್ಟು ಜಾಗ ಇದೆಯಲ್ಲ ಅತ್ತೆ,” ಅಂದಿದ್ದೆ.

“ಫಾಹಿಗಳ ಜೊತೆ ಎಂಬತ್ತಾರು ವರ್ಷ ಇದ್ದಾಯ್ತು. ಸಾಕು ಕಣೋ.”

ಹಳೆಯ ದಾಖಲೆಗಳಲ್ಲಿ ಜನರ ಪೂರ್ವಜರನ್ನು ಹುಡುಕಿಕೊಡುವುದು ನನ್ನ ಕೆಲಸ. ಬಾಸ್ಟನ್ನಿಂದಲೋ ಸಿಡ್ನಿಯಿಂದಲೋ ಬರುವವರು ಒಂದು ಹೆಸರನ್ನು ಬೀಗದ ಕೈಯಂತೆ ಹಿಡಿದು ತರುತ್ತಾರೆ. ಮೊದಲು ಅದನ್ನು ಪಕ್ಕಕ್ಕಿಡಿ ಎನ್ನುತ್ತೇನೆ. ನಮ್ಮ ಹಿರಿಯರು ತಮ್ಮ ಹೆಸರನ್ನು ಬರೆದವರಲ್ಲ, ಹೇಳಿದವರು. ಅವರು ಐರಿಷ್‌ನಲ್ಲಿ ಹೇಳಿದ್ದನ್ನು ಪಾದ್ರಿ ಲ್ಯಾಟಿನ್ನಿನಲ್ಲಿ ಒಂದು ಥರ ಬರೆದುಕೊಂಡ, ಜಮೀನು ಅಳೆಯಲು ಬಂದ ಗುಮಾಸ್ತ ಇಂಗ್ಲಿಷಿನಲ್ಲಿ ಇನ್ನೊಂದು ಥರ. ಬರೆಯುವ ಕೈ ಬದಲಾದಾಗೆಲ್ಲ ಹೆಸರೂ ಬದಲಾಯಿತು. ಬದಲಾಗದೆ ಉಳಿದವರು ನೆರೆಮನೆಯವರು. ನಾನು ಅವರನ್ನೇ ನಂಬುತ್ತೇನೆ.

ಅತ್ತೆಯ ಕೆಲಸ ಹಾಗಾಗಿ ಅರ್ಧ ದಿನದಲ್ಲಿ ಮುಗಿಯಿತು. ಚರ್ಚಿನ ಪುಸ್ತಕದಲ್ಲಿ, 1847ರ ಫೆಬ್ರವರಿಯಲ್ಲಿ ಜ್ಞಾನಸ್ನಾನ ಪಡೆದ ಹಸುಗೂಸು ಹನೋರಾಳ ತಂದೆಯ ಮನೆತನ ‘ಮಲ್‌ಕೀರನ್’. ಎಂಟು ವರ್ಷದ ನಂತರದ ಜಮೀನು ಪಟ್ಟಿಯಲ್ಲಿ ಅದು ‘ಮಲ್ಕಾರನ್’. 1870ರಲ್ಲಿ ಫಾಹಿಯನ್ನು ಮದುವೆಯಾದ ಹನೋರಾ ‘ಕೆರಿನ್ಸ್’. ಆದರೆ ಕೂಸನ್ನು ಎತ್ತಿಕೊಂಡಿದ್ದ ಜ್ಞಾನತಾಯಿ ಸಬೈನಾ ಗೇಗನ್. ಜಮೀನು ಪಟ್ಟಿಯಲ್ಲಿ ಪಕ್ಕದ ಮನೆ ಗೇಗನ್‌ರದೇ. ಮದುವೆಗೆ ಸಾಕ್ಷಿಯಾಗಿ ಸಹಿಯ ಬದಲು ಹಾಕಿದ ಗುರುತು ಮತ್ತೆ ಸಬೈನಾ ಗೇಗನ್‌ಳದು. ಮೂರು ಹೆಸರು, ಒಂದೇ ಮನೆ. ಅನುಮಾನವೇ ಇರಲಿಲ್ಲ.

ಕೌಂಟಿ ಕಚೇರಿಯ ಈಟಾ ಕಾಗದಗಳನ್ನು ನಿಧಾನವಾಗಿ ಓದಿದಳು.

“ಹೆಸರನ್ನ ನೀನು ಹತ್ತು ಥರ ತಗೊಂಡು ಬಾ ಕಾರ್ಮಾಕ್, ಒಪ್ಕೋತೀನಿ. ನನ್ನ ಹೆಸರನ್ನೇ ಜನ ಮೂರು ಥರ ಬರೀತಾರೆ. ಆದ್ರೆ ವಯಸ್ಸು ನೋಡು. ಪುಸ್ತಕದ ಹನೋರಾ ಹುಟ್ಟಿದ್ದು ನಲವತ್ತೇಳರಲ್ಲಿ. ಕಲ್ಲಿನ ಹನೋರಾ ಮೂವತ್ತೈದರಲ್ಲಿ. ಇಬ್ಬರೂ ಒಬ್ಬಳೇ ಅಂತ ನಾನು ಹೇಗೆ ಸಹಿ ಹಾಕ್ಲಿ?”

“ಕಲ್ಲಿನ ಲೆಕ್ಕ ಹಿಡಿದ್ರೆ ಅತ್ತೆಯ ಅಪ್ಪನನ್ನ ಹೆತ್ತಾಗ ಅವಳಿಗೆ ಐವತ್ಮೂರು ವರ್ಷ ಆಗಿರಬೇಕು.”

“ಅದು ನಿನಗೆ ಗೊತ್ತು, ನನಗೂ ಗೊತ್ತು. ಅವಳನ್ನ ಕಂಡಿರೋ ಮನೆಯವರು ಯಾರಾದ್ರೂ ಬಂದು, ಯಾಕೆ ಹೀಗಾಯ್ತು ಅಂತ ಪ್ರಮಾಣ ಮಾಡಿ ಹೇಳ್ಲಿ. ಅಷ್ಟು ಸಾಕು.”

ಯಾಕೆ ಹೀಗಾಯಿತೆಂಬುದನ್ನು ಹುಡುಕಬೇಕಾಗಿರಲಿಲ್ಲ. 1901ರ ಜನಗಣತಿಯಲ್ಲಿ ಹನೋರಾಳಿಗೆ ಐವತ್ನಾಲ್ಕು. 1911ರಲ್ಲಿ ಎಪ್ಪತ್ತಾರು. ನಮ್ಮ ಕಡೆ ಆ ಹತ್ತು ವರ್ಷಗಳಲ್ಲಿ ಬಹಳ ಮಂದಿ ಹೀಗೆ ದಿಢೀರನೆ ಮುದುಕರಾದರು. 1909ರಿಂದ ಎಪ್ಪತ್ತು ತುಂಬಿದವರಿಗೆ ಲಂಡನ್ನಿನ ಸರ್ಕಾರದ ಪಿಂಚಣಿ ಬಂತು. ಹುಟ್ಟಿದ ದಿನದ ಕಾಗದ ಯಾರ ಬಳಿಯೂ ಇರಲಿಲ್ಲ. ಎಪ್ಪತ್ತಾಗಿದೆಯೇ ಎಂದು ತಿಳಿಯಲು ಅಧಿಕಾರಿಗಳು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: 1839ರ ಜನವರಿಯ ದೊಡ್ಡ ಗಾಳಿ ನಿನಗೆ ನೆನಪಿದೆಯೇ? ಎಲ್ಲರಿಗೂ ನೆನಪಿತ್ತು.

ಇದನ್ನು ಅತ್ತೆಗೆ ಹೇಳುವುದು ಸುಲಭವಿರಲಿಲ್ಲ. ಏಕೆಂದರೆ ದೊಡ್ಡ ಗಾಳಿ ಅವಳ ಆಸ್ತಿ. ಪ್ರತಿ ಜನವರಿ ಆರರಂದು ಮನೆಯವರನ್ನೆಲ್ಲ ಕೂರಿಸಿ ಅದನ್ನು ಹೇಳುತ್ತಿದ್ದಳು: ನಾಲ್ಕು ವರ್ಷದ ಹನೋರಾಳನ್ನು ಅಪ್ಪ ಸೊಂಟದ ಪಟ್ಟಿಯಿಂದ ಮೇಜಿನ ಕಾಲಿಗೆ ಕಟ್ಟಿದ್ದು, ಹುಲ್ಲಿನ ಸೂರು ಇಡಿಯಾಗಿ ಎದ್ದು ಹೋದದ್ದು, ಬೆಳಗಾದರೆ ಕಡಲಿನ ಮೀನು ಆರು ಮೈಲಿ ಒಳಗೆ ಆಲೂಗಡ್ಡೆ ಹೊಲದಲ್ಲಿ ಬಿದ್ದಿದ್ದು. ಆರು ವರ್ಷದ ಡೆಲಿಯಾ ಇದನ್ನು ಅಜ್ಜಿಯ ಮಡಿಲಲ್ಲಿ ಕೂತು ಕೇಳಿದ್ದಳು.

ಎಲ್ಲವನ್ನೂ ಹೇಳಿ ಮುಗಿಸಿದೆ. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿರಲಿಲ್ಲ.

“ಅಂದ್ರೆ ನಮ್ಮಜ್ಜಿ ಸುಳ್ಳಿ ಅಂತ ನಾನು ಬೈಬಲ್ ಮುಟ್ಟಿ ಹೇಳ್ಬೇಕು.”

“ವಯಸ್ಸು ಹೆಚ್ಚು ಹೇಳಿದ್ಲು ಅಂದ್ರೆ ಸಾಕು.”

“ದಿನಾ ಜಪಮಾಲೆ ಹಿಡೀತಿದ್ದವಳು.”

“ಹೇಳಿದ್ದು ಲಂಡನ್ನಿನ ರಾಜನಿಗೆ, ಅತ್ತೆ.”

“ಅದಕ್ಕೆ ದೇವರು ಕ್ಷಮಿಸಿರ್ತಾನೆ ಬಿಡು. ನನಗೆ ಹೇಳಿದ್ಲಲ್ಲ, ಅದಕ್ಕೇನು ಮಾಡ್ಲಿ?”

ಅವಳು ಚಾಕು ಕೆಳಗಿಟ್ಟಳು. ಒಲೆಯಲ್ಲಿ ಉರಿಯುವ ಪೀಟ್ ಮಣ್ಣಿನ ಹೆಂಟೆಯೊಂದು ಸದ್ದಿಲ್ಲದೆ ಕುಸಿಯಿತು. ನನ್ನ ಕೆಲಸದಲ್ಲಿ ಮಾತಿಗಿಂತ ಮೌನವೇ ಹೆಚ್ಚು ಸಿಗುತ್ತದೆ. ಹನೋರಾಳ ಹೆಸರಿರುವ ಆ ಪುಟದಲ್ಲಿ ಅವಳ ನಂತರ ಮೂರೇ ಮಕ್ಕಳ ಹೆಸರು. ಆಮೇಲೆ ವರ್ಷ ಮುಗಿಯುವ ತನಕ ಪುಟ ಖಾಲಿ. ನಲವತ್ತೇಳು, ಆಲೂಗಡ್ಡೆ ಬೆಳೆ ಕೊಳೆತು ಲಕ್ಷಾಂತರ ಜನ ಸತ್ತ ಹಸಿವಿನ ವರ್ಷ. ಪಾದ್ರಿಯ ಬಳಿಗೆ ತರಲು ಮಕ್ಕಳಿರಲಿಲ್ಲ, ಅಥವಾ ತರುವವರಿರಲಿಲ್ಲ.

“ಅತ್ತೆ, ಅಜ್ಜಿ ಹಸಿವಿನ ಕಾಲದ ಬಗ್ಗೆ ಏನಾದ್ರೂ ಹೇಳಿದ್ದು ನೆನಪಿದೆಯಾ?”

“ಒಂದು ಮಾತೂ ಇಲ್ಲ.”

“ಕಲ್ಲು ಹೇಳೋದು ನಿಜ ಆಗಿದ್ರೆ, ಆಗ ಅವಳಿಗೆ ಹನ್ನೆರಡು ವರ್ಷ. ಗಾಳಿಯನ್ನ ಅಷ್ಟು ಚೆನ್ನಾಗಿ ನೆನಪಿಟ್ಟವಳು ಅದನ್ನ ಮರೀತಿದ್ಲಾ?”

ಅತ್ತೆ ಬ್ರೆಡ್ಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಆ ಗಾಳಿ ಕಂಡವಳು ಅವಳಮ್ಮ ಇರ್ಬೇಕು,” ಅಂದಳು. “ಮಗಳಿಗೆ ಹೇಳೋಕೆ ಆಗೋಂಥದ್ದು ಆ ಗಾಳಿ ಒಂದೇ ಇತ್ತೇನೋ.”

ನಾನು ತಲೆಯಾಡಿಸಿದೆ.

“ಹಾಗಾದ್ರೆ ಸತ್ತಾಗ ನಿಜವಾಗ್ಲೂ ಎಷ್ಟಾಗಿತ್ತು?”

“ಎಂಬತ್ಮೂರು.”

ಅವಳು ಬೆರಳಲ್ಲಿ ಏನೋ ಎಣಿಸಿದಳು. ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು.

“ಮೂರು ವರ್ಷದ ಹಿಂದೇನೇ ಗೆದ್ದಿದೀನಿ. ಮುದುಕಿ ಒಂದು ಮಾತು ಹೇಳ್ಬಾರ್ದಿತ್ತಾ? ತೊಂಬತ್ತೈದು ದಾಟೋಕೆ ಅಂತ ಆ ಸುಡುಗಾಡು ಗಂಜಿ ಕುಡೀತಿದೀನಿ ನಾನು. ಬೇಕನ್ ತಗೊಂಡು ಬಾ ನಾಳೆ.”

ಮರುವಾರ ಅವಳನ್ನು ಕಾರಿನಲ್ಲಿ ಕಚೇರಿಗೆ ಕರೆದೊಯ್ದೆ. ಚರ್ಚಿಗೆ ಹೋಗುವ ಕೋಟು ಹಾಕಿಕೊಂಡಿದ್ದಳು. ಈಟಾ ಬೈಬಲ್ ಮುಂದಿಟ್ಟು, “ನಿಮಗೆ ತಿಳಿದಷ್ಟು ಹೇಳಿ ಅಮ್ಮ, ಅವಸರ ಇಲ್ಲ,” ಅಂದಳು.

ಅತ್ತೆ ಬಲಗೈಯನ್ನು ಪುಸ್ತಕದ ಮೇಲಿಟ್ಟಳು. ನಾನು ಬರೆದುಕೊಟ್ಟಿದ್ದ ನಾಲ್ಕು ವಾಕ್ಯಗಳನ್ನು ಅವಳು ನೋಡಲೇ ಇಲ್ಲ. ದೊಡ್ಡ ಗಾಳಿಯನ್ನು ಮೊದಲಿನಿಂದ ಹೇಳತೊಡಗಿದಳು. ಸೊಂಟದ ಪಟ್ಟಿ, ಮೇಜಿನ ಕಾಲು, ಸೂರಿಲ್ಲದ ಮನೆಯೊಳಗೆ ಕಂಡ ನಕ್ಷತ್ರ, ಹೊಲದಲ್ಲಿ ಹೊಳೆಯುತ್ತ ಬಿದ್ದ ಮೀನು. ಒಂದು ಪದವೂ ಬಿಡಲಿಲ್ಲ. ಆಚೆ ಮೇಜಿನಲ್ಲಿ ಟೈಪ್ ಮಾಡುತ್ತಿದ್ದವರ ಕೈ ನಿಂತಿತು. ಇವಳು ಎಲ್ಲ ಕೆಡಿಸಿಬಿಟ್ಟಳು ಎಂದುಕೊಂಡೆ.

“ಇಷ್ಟೂ ನಮ್ಮಜ್ಜಿ ಹನೋರಾ ಪಿಂಚಣಿ ಅಧಿಕಾರಿ ಮುಂದೆ ಕೂತು ಹೇಳಿದ್ದು, ನನ್ನ ಮುಂದೂ ಹೇಳಿದ್ದು,” ಅಂದಳು ಅತ್ತೆ. “ಇದೆಲ್ಲ ಆಗಿ ಎಂಟು ವರ್ಷಕ್ಕೆ ಹುಟ್ಟಿದ್ಲು. ಎಲ್ಲಿ ಸಹಿ ಹಾಕ್ಬೇಕು ಹೇಳಮ್ಮ.”